ಎಪ್ಪತ್ತೈದರ ಗೆರೆ

ಸೆಪ್ಟೆಂಬರ್ 3, ಬುಧವಾರ. ಬೆಳಿಗ್ಗೆ 7

ಮಾನ್ಯ ಸಭಾಪತಿಗಳೇ, ವೇದಿಕೆಯ ಮೇಲಿನ ಗಣ್ಯರೇ, ಕೆಳಗೆ ನಿದ್ದೆಯಲ್ಲಿರುವ ಮಹನೀಯರೇ — ಅಂದರೆ ಕಾಫಿ ಲೋಟವೇ, ಕಿಟಕಿಯ ಜೆರೇನಿಯಂ ಕುಂಡವೇ — ವರದಿ ಇಂತಿದೆ. ಪಾರ್ಶ್ವವಾಯು ಹೊಡೆದ ಕೈಗೆ ಮತ್ತೆ ಕೆಲಸ ಕಲಿಸುವ ನಮ್ಮ ಅಧ್ಯಯನಕ್ಕೆ ಆರು ವರ್ಷ. ಸರಿಯಿರುವ ಕೈಗೆ ದಪ್ಪ ಉಣ್ಣೆಯ ಗವಸು ತೊಡಿಸಿ ಕಟ್ಟುವುದು, ಸೋತ ಕೈಯಿಂದಲೇ ದಿನಕ್ಕೆ ಆರು ತಾಸು ಎಲ್ಲ ಮಾಡಿಸುವುದು. ಒಳ್ಳೆ ಕೈಗೆ ಗವಸು, ಸೋತ ಕೈಗೆ ತಪಸ್ಸು. ಈವರೆಗೆ ಎಂಬತ್ತೆರಡು ಜನ. ಹೆಚ್ಚಿನವರ ಬೆರಳು ಮಾತು ಕೇಳಿವೆ. (ಚಪ್ಪಾಳೆ. ಜೆರೇನಿಯಂ ಒಂದು ಎಲೆ ಉದುರಿಸಿತು.)

ಅದೇ ದಿನ, ಸಂಜೆ

ವಾರ್ಡಿನ ನಾಲ್ಕನೆಯ ಹಾಸಿಗೆಯಲ್ಲಿ ಇಂಗೆಗೆರ್ಡ್. ಇಪ್ಪತ್ತು ವರ್ಷದ ಹಿಂದೆ ಸ್ವೀಡನ್ನಿನ ಈ ಉಮಿಯೋ ಊರಿಗೆ ಬಂದಿಳಿದ ನನಗೆ ಈ ಕೆಲಸ ಕಲಿಸಿದವಳು. ಇಲ್ಲಿ ಎಲ್ಲರೂ ಏಕವಚನ. ಅವಳಿಗೆ 'ನೀನು' ಅನ್ನುವಾಗ ಮಾತ್ರ ನಾಲಿಗೆ ಇಂದಿಗೂ ತಡೆಯುತ್ತದೆ. ಹೋದ ಗುರುವಾರ ಪಾರ್ಶ್ವವಾಯು. ಬಲಗೈ ಹೋಗಿದೆ. ಮಾತು ಉಳಿದಿದೆ, ಮೊನಚು ಸಹಿತ.

"ಏನು ಹಾಗೆ ನೋಡ್ತಿದೀಯ? ಪೆಟ್ಟಿಗೆ ತಾ."

ಪೆಟ್ಟಿಗೆ ಅವಳೇ ಮಾಡಿಸಿದ್ದು. ಬರ್ಚ್ ಮರದ್ದು, ನಡುವೆ ಒಂದು ಹಲಗೆ. ಒಂದು ನಿಮಿಷದಲ್ಲಿ ಎಷ್ಟು ಮರದ ತುಂಡು ಆಚೆ ದಾಟಿಸುತ್ತಾರೆ ಅಂತ ಎಣಿಸುವುದು. ದಾಟಿದ್ದು ಮೂರು.

"ಮೂರೇನಾ! ಇಷ್ಟು ವರ್ಷ ಇದನ್ನ ಹಿಡ್ಕೊಂಡು ಎಷ್ಟು ಜನರನ್ನ ಗೋಳು ಹೊಯ್ಕೊಂಡೆ ನೋಡು. ಇರಲಿ. ಗವಸು ಯಾವಾಗ ಹಾಕ್ತೀಯ?"

ಸೆಪ್ಟೆಂಬರ್ 5

ಹೊಡೆತ ಬಿದ್ದು ಮೂರು ತಿಂಗಳಾಗದೆ ಅಧ್ಯಯನಕ್ಕೆ ಸೇರಿಸುವಂತಿಲ್ಲ. ಅಂದರೆ ನವೆಂಬರ್ 28. ಎಪ್ಪತ್ತೈದು ತುಂಬಿದವರನ್ನು ಸೇರಿಸುವಂತಿಲ್ಲ. ಅವಳಿಗೆ ತುಂಬುವುದು ನವೆಂಬರ್ 14.

ಹದಿನಾಲ್ಕು ದಿನ…

ಹೋಕನ್ ಹತ್ತಿರ ಹೋದೆ. ಮೂರು ವರ್ಷದ ಹಿಂದೆ ಬಂದ ನಮ್ಮ ಮುಖ್ಯಸ್ಥ.

"ನೋಡಪ್ಪಾ, ಒಬ್ಬರಿಗೋಸ್ಕರ ಗೆರೆ ಅಳಿಸಿದ್ರೆ ಎಂಬತ್ತೆರಡು ಜನರದ್ದೂ ಕೆಡುತ್ತೆ."

"ಅಧ್ಯಯನದ ಹೊರಗೆ ಮಾಡೋಣ್ವಾ?"

"ಮಾಡಿಸೋರು ಯಾರು? ಇರೋದು ಒಬ್ಬಳೇ ಥೆರಪಿಸ್ಟ್, ಅವಳ ಪೂರ್ತಿ ಸಮಯ ಇದಕ್ಕೇ. ಅದೂ ಅಲ್ದೆ ನಿಯಮ ಇಂಗೆಗೆರ್ಡ್‌ದೇ ಅಲ್ವಾ? ಸಹಿ ನೋಡು."

ನೋಡಿದೆ. ಅವಳದೇ ಸಹಿ.

ಹೋಗಿ ಹೇಳಿದೆ.

"ಎಪ್ಪತ್ತೈದು ಅಂತ ಯಾಕೆ ಬರೆದೆ ನಾನು? ನೆನಪೇ ಆಗ್ತಿಲ್ಲ. ಎಂಥ ಪೆದ್ದಿ."

ನಿಯಮ ನೆಟ್ಟಗೆ, ನಾನು ಸೊಟ್ಟಗೆ. ಪ್ರಾಸಕ್ಕೇನೂ ಕೊರತೆಯಿಲ್ಲ.

ಅಕ್ಟೋಬರ್ 21

ಅವಳ ಮನೆಗೆ ಹೋಗಿದ್ದೆ. ಎಡಗೈಗೆ ಹಳೆಯ ಉಣ್ಣೆ ಗವಸು. ದಾರವನ್ನು ಹಲ್ಲಿನಿಂದ ಎಳೆದು ಕಟ್ಟಿಕೊಂಡಿದ್ದಾಳೆ.

"ಇದು ನನ್ನ ಸ್ವಂತ ಅಧ್ಯಯನ ಕಣೋ. ರೋಗಿ ಒಬ್ಬಳೇ. ವಯಸ್ಸಿನ ಮಿತಿ ಇಲ್ಲ."

ಪಕ್ಕದಲ್ಲಿ ಯಾರೂ ಇಲ್ಲದೆ ಮಾಡುವ ಕೆಲಸವಲ್ಲ ಅದು, ನನಗೆ ಹಾಗೆ ಕಲಿಸಿದವಳೂ ಅವಳೇ. ಬಲಗೈಯಲ್ಲಿ ಕಾಫಿ ಎತ್ತಲು ಹೋಗಿ ತೊಡೆ ಸುಟ್ಟುಕೊಂಡಿದ್ದಾಳೆ. ಅಂಗೈಯಗಲ ಬೊಬ್ಬೆ. ಗವಸು ಬಿಚ್ಚಿ ಜೇಬಿಗೆ ಹಾಕಿಕೊಂಡೆ.

"ಕೊಡು."

ಕೊಡಲಿಲ್ಲ. ಎರಡನೆಯ ಸಲ ಅವಳು ಕೇಳಲೂ ಇಲ್ಲ.

ನವೆಂಬರ್ 14

ಇಂಗೆಗೆರ್ಡ್ ಹುಟ್ಟುಹಬ್ಬ, ನಮ್ಮ ವಿಭಾಗದಲ್ಲೇ. ಮೇಜಿನ ಮೇಲೆ ಪುಟ್ಟ ಬಾವುಟ, ಹಸಿರು ಕೇಕು. ಹಾಡಾಯಿತು, ಇಲ್ಲಿನ ರೂಢಿಯಂತೆ ನಾಲ್ಕು ಸಲ ಜೈಕಾರವೂ ಆಯಿತು. ಕೇಕು ಮುಗಿಯುತ್ತಲೇ ಪೆಟ್ಟಿಗೆ ಕೇಳಿದಳು. ಒಂದು ನಿಮಿಷ. ಯಾರೂ ಚಮಚ ಅಲ್ಲಾಡಿಸಲಿಲ್ಲ.

ಮೂರು.

ಹೋಕನ್ ಮುಖ ಸಣ್ಣದಾಯಿತು. ಅವಳು ಅವನ ಕಡೆ ತಿರುಗಿದಳು.

"ನೀನ್ಯಾಕೆ ಅಳೋ ಹಾಗಿದೀಯ? ತಪ್ಪು ನಿಂದಲ್ಲ. ಗೆರೆ ಎಳೆದವಳು ನಾನು. ತಗೋ, ಇನ್ನೊಂದು ತುಂಡು ಕೇಕು ತಿನ್ನು."

ಎಲ್ಲರೂ ನಕ್ಕರು. ನಾನೂ.

ನವೆಂಬರ್ 28

ಇವತ್ತಿಗೆ ಮೂರು ತಿಂಗಳು. ಮಾನ್ಯ ಸಭಾಪತಿಗಳೇ —

ಸಾಕು. ಸಭೆಯೂ ಇಲ್ಲ, ಪ್ರಾಸವೂ ಇಲ್ಲ.

ಏಳು ವರ್ಷದ ಹಿಂದಿನ ಅವಳ ಕರಡಿನಲ್ಲಿ ವಯಸ್ಸಿನ ಮಿತಿಯೇ ಇರಲಿಲ್ಲ. ತೀರ ವಯಸ್ಸಾದವರು ಅರ್ಧಕ್ಕೇ ಬಿಡುತ್ತಾರೆ, ಫಲಿತಾಂಶ ಅಂದಗೆಡುತ್ತದೆ ಅಂತ ಆ ಸಾಲು ಸೇರಿಸಿದವನು ನಾನು. ಅವಳ ನಿವೃತ್ತಿಯ ವಾರ ಅದು. "ನೀನು ಓದಿದೀಯ ತಾನೇ?" ಅಂದಳು. ಓದಿದ್ದೇನೆ ಅಂದೆ. ಸಹಿ ಹಾಕಿದಳು.

ಬಲಗೈಯಲ್ಲಿ.