ಆಫೀಸಿಗೆ ಹೋಗುವ ಸೆರಗು

೧೦ ಜೂನ್ ೧೯೭೬, ಗುರುವಾರ

ಇವತ್ತೂ ರೊಟ್ಟಿ ಬಡಿದು ಮುಗಿಯುವುದರೊಳಗೆ ಸೊಸೆ ಸಂದೂಕ ತೆರೆದು ಕೂತಳು. ನಾಲ್ಕು ದಿನದಿಂದ ಇದೇ. ಹಿಂದೆ ಆಫೀಸಿಗೆ ಉಡುತ್ತಿದ್ದ ಆ ನೀಲಿ ಹೂವಿನ ನೈಲಾನ್ ಸೀರೆ ತೆಗೆಯುವುದು, ಮಡಚುವುದು, ಮತ್ತೆ ಒಳಗಿಡುವುದು. ಸೋಮವಾರದಿಂದ ವಿಮಲಾಬಾಯಿ ಮತ್ತೆ ಟೈಪಿಸ್ಟ್. ಎಂಟು ವರ್ಷದ ಮೇಲೆ. ಕಲ್ಲಿನ ವ್ಯಾಪಾರದ ಸಾಹುಕಾರರೇ ಹೇಳಿ ಕಳಿಸಿದ್ದಾರೆ. ಕನ್ನಡ, ಇಂಗ್ಲಿಷ್ ಎರಡೂ ಹೊಡೆಯುವವರು ಈ ಶಹಾಬಾದಿನಲ್ಲಿ ಎಷ್ಟು ಜನ ಇದ್ದಾರೆ? ಅವಳ ಗಂಡ, ನನ್ನ ಕಿರಿಮಗ ಅಂಬರಾಯ, ಕೈ ಮಷೀನಿಗೆ ಸಿಕ್ಕಿ ನಾಲ್ಕು ತಿಂಗಳಿಂದ ಮನೆಯಲ್ಲಿ. ಅವಳು ಹೋಗದಿದ್ದರೆ ಒಲೆ ಉರಿಯುವುದಿಲ್ಲ.

ಆ ಸೀರೆಯ ಮೇಲೆ ತೊಡುವ ಹಳೇ ಪೋಲಕಾ ಮೊಣಕೈ ದಾಟಲಿಲ್ಲ. ಎರಡು ಹೆರಿಗೆಯ ಮೈ. ಟೇಲರ್ ಮಜೀದಸಾಬನ ಹತ್ತಿರ ನಾನೇ ಒಯ್ದೆ.

"ಅಮ್ಮಾ, ಇದರಾಗ ಬಿಚ್ಚಲಿಕ್ಕ ಬಟ್ಟಿನೇ ಉಳಿದಿಲ್ಲ."

"ಹಂಗಾದ್ರ ನಿನ್ನ ಪೈಜಾಮದ್ದು ಕತ್ತರಿಸಿ ಹಚ್ಚು."

ನಕ್ಕ. ಶನಿವಾರ ಕೊಡುತ್ತಾನಂತೆ. ಯಾವ ಶನಿವಾರವೋ.

೧೨ ಜೂನ್, ಶನಿವಾರ, ಸಂಜೆ

ಪೋಲಕಾ ಬಂತು. ಅದರ ಹಿಂದೆಯೇ ಬೇರೆ ಮನೆ ಮಾಡಿರುವ ಹಿರಿಮಗ ಬಂದ. ಗುರುಲಿಂಗಪ್ಪ. ಐದು ವರ್ಷದಿಂದ ಸಾಹುಕಾರರ ಅದೇ ಆಫೀಸಿನಲ್ಲಿ ಹೆಡ್ ಕ್ಲಾರ್ಕ್. ಹೊಸ್ತಿಲ ಮೇಲೆ ನಿಂತು, ಒಳಗೆ ನೋಡದೆ —

"ಅವ್ವಾ, ಆಕಿಗಿ ಹೇಳು. ತಲಿ ಮ್ಯಾಲ ಸೆರಗು ಇರ್ಬೇಕು. ನಾ ಭಾವ ಇದ್ದೀನಿ."

"ಆಕಿ ಇಲ್ಲೇ ಅದಾಳ. ಕಿವಿ ಅದಾವ."

"ಮತ್ತ ನನ್ನ ಎದುರಿಗಿ ಕುರ್ಚಿ ಮ್ಯಾಲ ಕುಂದ್ರೂದು ಛಂದ ಕಾಣಂಗಿಲ್ಲ."

"ಹಂಗಾದ್ರ ನಿಂತು ಟೈಪ್ ಮಾಡ್ಲೇನು, ಕುದುರಿ ಹಂಗ?"

"ಈ ಮರ್ಯಾದಿ ನೀನೇ ಕಲಿಸೀದಿ ಅವ್ವಾ. ನನಗೇನು ಅಂತಿ?"

ಮೈ ಉರಿಯಿತು. ಕಲಿಸಿದ್ದು ಹೌದಲ್ಲ. ಕುರ್ಚಿಗೆ ಅವನು ಒಪ್ಪಿದ, ಗೋಡೆಯ ಕಡೆ ತಿರುಗಿಸಿ ಹಾಕಿಸುತ್ತಾನಂತೆ. ಸೆರಗಿಗೆ ನಾನು ಒಪ್ಪಿದೆ. ಒಪ್ಪಿದ ಮೇಲೆ ಉರಿ ಇನ್ನೂ ಹೆಚ್ಚಾಯಿತು.

೧೪ ಜೂನ್, ಸೋಮವಾರ

ಹೋದಳು. ನೀಲಿ ಹೂವಿನ ಸೀರೆ. ಜಾರುವ ಬಟ್ಟೆ. ಎರಡೂ ಕಿವಿಯ ಹಿಂದೆ ಸೆರಗಿಗೆ ನಾನೇ ಪಿನ್ನು ಚುಚ್ಚಿದೆ. ಹೆರಳು ಹಾಕಿಸಿಕೊಳ್ಳುವವಳಂತೆ ತಲೆ ಬಗ್ಗಿಸಿ ನಿಂತಿದ್ದಳು. ಸಂಜೆ ಬಂದವಳೇ ಒಲೆಯ ಮುಂದೆ ಕೂತಳು.

೧೬ ಜೂನ್, ಬುಧವಾರ

ಇವತ್ತು ಹೇಳಿದಳು. ಬೆಳಕು ಬೆನ್ನಿಗೆ. ಸೆರಗಿನ ನೆರಳು ಕಾಗದದ ಮೇಲೆ. ಕೈ ಎತ್ತಿ ಸಾಲು ತಿರುಗಿಸಿದಾಗಲೆಲ್ಲ ಪಿನ್ನು ಕೂದಲು ಜಗ್ಗುತ್ತದೆ. ಭಾವನ ಜೊತೆ ಮಾತಾಡುವಂತಿಲ್ಲ, ಅವನು ಬರೆದುಕೊಟ್ಟದ್ದರಲ್ಲಿ ಅಕ್ಷರ ತಿಳಿಯದಿದ್ದರೆ ಕೇಳುವಂತಿಲ್ಲ. ಒಂದೇ ಪತ್ರದಲ್ಲಿ ಹನ್ನೊಂದು ತಪ್ಪು. ಸಾಹುಕಾರರು ಅಂದರಂತೆ — "ಕೈ ಹೋಗ್ಯಾದ ನಿಂದು. ಸೋಮವಾರ ನೋಡ್ತೀನಿ. ಆಗಲಿಲ್ಲಂದ್ರ ಗುಲಬರ್ಗಾದಿಂದ ಬ್ಯಾರೆಯವರನ್ನ ಕರಸ್ತೀನಿ."

ಕೈ ಹೋಗಿದೆಯಂತೆ! ಹಗ್ಗ ಹಾಕಿ ಕಟ್ಟಿ, ಓಡು ಅಂದರೆ?

ಅಂಬರಾಯನಿಗೆ ಅಂದೆ, ಅಣ್ಣನ ಮುಂದೆ ಒಂದು ಮಾತು ಆಡು ಅಂತ.

"ಅಣ್ಣ ಹೇಳ್ಯಾನಲ್ಲವ್ವಾ..."

"ಮಷೀನಿಗಿ ಸಿಕ್ಕಿದ್ದು ಕೈಯೋ, ನಾಲಿಗಿಯೋ?"

ಎದ್ದು ಹೊರಗೆ ಹೋದ.

೧೭ ಜೂನ್

ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಕಿವಿಯ ಹಿಂದೆ ಚರ್ಮ ಕಿತ್ತಿದೆ, ಎರಡೂ ಕಡೆ. "ನಾಳಿಂದ ತಗದುಬಿಡು" ಅಂದೆ.

"ನಾ ತಗದ್ರ ಸೊಕ್ಕು ಅಂತಾರ್ರಿ ಅತ್ತೀ. ಹೊದಿಸಿದವರು ನೀವು. ಅವತ್ತ ನೌಕರಿ ಬಿಡಿಸಿದವರೂ ನೀವೇ."

ಎಂಟು ವರ್ಷದಲ್ಲಿ ಮೊದಲ ಸಲ ಅಂದಳು. ಸಿಟ್ಟಿನಿಂದಲ್ಲ. ಅಂಗಡಿಯಲ್ಲಿ ಬೆಲೆ ಹೇಳಿದಂತೆ. ನನಗೇ ಸಿಟ್ಟು ಬಂತು. ಎಣ್ಣೆಯ ಬಟ್ಟಲು ಕುಕ್ಕಿ ಎದ್ದೆ. ನಮ್ಮ ಕಾಲಕ್ಕೆ ಸೊಸೆಯಂದಿರು...

೨೧ ಜೂನ್, ಸೋಮವಾರ

ಮೂರು ದಿನ ಬರೆಯಲಿಲ್ಲ. ಬರೆಯುವಂಥದ್ದು ತಲೆಯಲ್ಲಿರಲಿಲ್ಲ, ಬರೀ ಉರಿ.

ಇವತ್ತು ಅವಳು ಪಿನ್ನು ಹಿಡಿದು ಬಂದಳು. ಚುಚ್ಚಿದೆ. ಆಮೇಲೆ ನನ್ನ ಸೆರಗು ಇಳಿಸಿ ಸೊಂಟಕ್ಕೆ ಸಿಕ್ಕಿಸಿದೆ. ಹದಿಮೂರನೇ ವಯಸ್ಸಿಗೆ ಹೊದ್ದದ್ದು. ಗಂಡ ಹೋದ ದಿನವೂ ಜಾರಿರಲಿಲ್ಲ. "ನಡಿ, ನಾನೂ ಬರ್ತೀನಿ" ಅಂದೆ. ಗಾಳಿ ನೆತ್ತಿಗೆ ತಾಗಿ ಹೇಗೋ ಆಯಿತು. ಬಜಾರಿನಲ್ಲಿ ಬಳೆಯ ಜೈತುನ್ಬೀ ಕೂಗಿದಳು —

"ಅಮ್ಮಾ, ಸೆರಗು ಬಿದ್ದದ!"

"ಬಿದ್ದಿಲ್ಲ. ಇಳಿಸೀನಿ."

ಆಫೀಸು. ಗುರುಲಿಂಗ ಕುರ್ಚಿಯಿಂದ ಎದ್ದ. ಎಲ್ಲರೂ ಎದ್ದರು.

"ಅವ್ವಾ... ಇದೇನು? ಜನ ನೋಡ್ಲಿಕತ್ತಾರ."

"ನೋಡ್ಲಿ. ನಿನ್ನ ಮರ್ಯಾದಿ ಹೋಗತದಂದ್ರ ಮೊದಲು ನನಗ ಹೊದಿಸು. ಆಮ್ಯಾಲ ಆಕಿಗಿ ಹೇಳು."

ಅವನ ಕೈ ಅರ್ಧ ಬಂತು. ನಿಂತಿತು. ತಾಯಿಯ ತಲೆ ಮುಟ್ಟಿ ಹೊದಿಸುವ ಧೈರ್ಯ ಇಲ್ಲ, ಹಾಗೇ ನೋಡುವ ಧೈರ್ಯವೂ ಇಲ್ಲ. ನಾನು ಸೊಸೆಯ ಪಿನ್ನು ತೆಗೆದೆ, ಒಂದು, ಎರಡು. ಅವಳ ಕುರ್ಚಿ ಕಿಟಕಿಯ ಕಡೆ ಎಳೆದೆ. "ಕುಂದ್ರು."

ಕೂತಳು. ಗುರುಲಿಂಗ ತನ್ನ ಕುರ್ಚಿ ತಿರುಗಿಸಿಕೊಂಡ. ಇನ್ನು ಗೋಡೆ ಅವನೇ ನೋಡಲಿ.

ಮೆಟ್ಟಿಲ ಮೇಲೆ ಕೂತು ಕೇಳಿದೆ. ಮೊದಮೊದಲು ತಡೆದು ತಡೆದು. ಆಮೇಲೆ ತಡೆಯಲಿಲ್ಲ.

೨೨ ಜೂನ್, ಮಂಗಳವಾರ, ಐದೂವರೆ

ನಿನ್ನೆ ನಾಲ್ಕು ಪತ್ರ, ಒಂದೂ ತಪ್ಪಿಲ್ಲ. ಇರು ಅಂದಿದ್ದಾರೆ ಸಾಹುಕಾರರು. ಗುರುಲಿಂಗ ಈ ಕಡೆ ಹಾಯಲಿಲ್ಲ. ಹಾಯದಿರಲಿ, ಹೊಟ್ಟೆ ಹಸಿದರೆ ಬರುತ್ತಾನೆ. ಇವತ್ತು ಅವಳೊಬ್ಬಳೇ ಹೋದಳು, ಬರಿದಲೆಯಲ್ಲಿ. ಓಣಿ ದಾಟುವವರೆಗೂ ನೋಡಿದೆ.

ಎಲ್ಲರಿಗೂ ಬೈದದ್ದಾಯಿತು. ಒಬ್ಬಳು ಉಳಿದಿದ್ದಾಳೆ, ನಾನೇ. ಎಂಟು ವರ್ಷದ ಹಿಂದೆ ನೌಕರಿ ಬಿಡು ಅಂದಾಗ ವಿಮಲಾ ಅತ್ತಿರಲಿಲ್ಲ, "ಆಗಲಿ ಅತ್ತೀ" ಅಂದು ಆ ನೀಲಿ ಸೀರೆ ಮಡಚಿಟ್ಟಿದ್ದಳು. ನಾನು ಗೆದ್ದೆ ಅಂದುಕೊಂಡಿದ್ದೆ. ತಪ್ಪಾಯಿತು ಅನ್ನುವ ಮಾತು ಈ ಬಾಯಿಗೆ ಯಾವತ್ತೂ ಬಂದದ್ದಲ್ಲ. ಚಹಾಕ್ಕೆ ಇಟ್ಟಿದ್ದೇನೆ. ಬಂದ ಕೂಡಲೇ ಅನ್ನಬೇಕು, ಇಲ್ಲಿ ಕುಂದ್ರು ವಿಮಲಾ, ನಾ ಅವತ್ತ ನಿನಗ ನೌಕರಿ ಬಿಡಿಸಿದ್ದು... ಬಾಗಿಲು ಸಪ್ಪಳಾಯಿತು, ಬಂದಳು.