ಚೆಂಡಿಗೇ ನಿಮ್ಮ ಓಟು

ನವೆಂಬರ್ 27, ಬೆಳಿಗ್ಗೆ 6

ಮೊಣಕಾಲಿಗೆ ಬಿಸಿನೀರಿನ ಚೀಲ, ಇಪ್ಪತ್ತು ನಿಮಿಷ. ಹದಿನಾರು ವರ್ಷ ಗೋವಾ, ಕೋಲ್ಕತ್ತಾ ಫುಟ್‌ಬಾಲ್ ಕ್ಲಬ್ಬುಗಳಲ್ಲಿ ಡಿಫೆಂಡರ್ ಆಗಿ ಆಡಿದ್ದಕ್ಕೆ ಉಳಿದ ಆಸ್ತಿ ಇದೇ. ಆಮೇಲೆ ಪ್ರಚಾರ. ಕಮಲಾಪುರ ಪಟ್ಟಣ ಪಂಚಾಯಿತಿ, ನಮ್ಮ ವಾರ್ಡು. ಪಕ್ಷೇತರ. ಟಿಕೆಟ್ ಕೇಳಲು ಕಲಬುರಗಿಗೆ ಹೋಗಿದ್ದೆ. ಜಗತ್ ಸರ್ಕಲ್ ಹತ್ತಿರದ ಪಕ್ಷದ ಆಫೀಸಿನಲ್ಲಿ ಮೂರು ತಾಸು ಕೂರಿಸಿ, ಒಬ್ಬರು ಬಹಳ ಗೌರವದಿಂದ ಕೇಳಿದರು: "ಸೆಂಚುರಿ ಎಷ್ಟ ಹೊಡದೀರಿ?" ಎದ್ದು ಬಂದೆ.

ನನಗೆ ಬೇಕಾದದ್ದು ಒಂದೇ — ಸಂತೆ ಜಾಗದ ಹಿಂದಿನ ಬಯಲು ಉಳಿಯಬೇಕು. ಊರಿನ ಮಕ್ಕಳಿಗೆ ಆಡಲು ಇರುವುದು ಅದೊಂದೇ. ನಾನೂ ಬರಿಗಾಲಲ್ಲಿ ಅಲ್ಲೇ ಕಲಿತವನು. ಎದುರಾಳಿ ನಾಗಣ್ಣ, ಬಾಳೆಹಣ್ಣಿನ ಸಾಹುಕಾರರು, ಅವರೂ ಪಕ್ಷೇತರರೇ, ಅಲ್ಲಿ ಅಂಗಡಿ ಸಾಲು ಕಟ್ಟಿಸಬೇಕೆಂದು ಹಟ ಹಿಡಿದಿದ್ದಾರೆ. ಅವರು ಗೆದ್ದರೆ ಬಯಲು ಹೋದಂತೆಯೇ.

ನವೆಂಬರ್ 30

ನೋಮಾನ್ ಸ್ಟೇಶನ್ ಬಜಾರದ ಪ್ರೆಸ್ಸಿನಿಂದ ಕರಪತ್ರ ತಂದ. ಶಾಲೆಯಿಂದಲೂ ಗೆಳೆಯ, ಆಟೋ ಓಡಿಸುತ್ತಾನೆ, ಈಗ ನನ್ನ ಚುನಾವಣಾ ಉಸ್ತುವಾರಿ. ಕರಪತ್ರದಲ್ಲಿ ನನ್ನ ಮುಖ ಸಣ್ಣದು, ಫುಟ್‌ಬಾಲ್ ದೊಡ್ಡದು. ಕೆಳಗೆ: ಚೆಂಡಿಗೇ ನಿಮ್ಮ ಓಟು.

"ಗುರುತು ಇನ್ನಾ ಕೊಟ್ಟೇ ಇಲ್ಲಲ್ಲೋ!"

"ಫಿಕರ್ ಮಾಡಬ್ಯಾಡ ಭಾಯಿ. ಈ ಊರಾಗ ನಿನ್ನ ಬಿಟ್ರ ಚೆಂಡು ಯಾಂವ ಕೇಳ್ತಾನ?"

ಹೌದೆನಿಸಿತು. ಮೂವತ್ತೆಂಟು ಗೋಡೆಗಳ ಮೇಲೆ ಚೆಂಡು ಬರೆಸಿದ್ದಾಯಿತು. ಒಳ್ಳೆಯ ಆಯಿಲ್ ಪೇಂಟು.

ಡಿಸೆಂಬರ್ 5

ಭಾಷಣ ನನಗೆ ಬರುವುದಿಲ್ಲ. ಎರಡನೇ ವಾಕ್ಯಕ್ಕೇ ನಾಲಿಗೆ ಒಣಗುತ್ತದೆ. ಅಂಗನವಾಡಿಯ ವಿಮಲಾಬಾಯಿ ನೋಡಿ ನೋಡಿ ಹೇಳಿದರು, "ಮಾತು ಸಾಕ್ ಮಾಡ್ರಿ, ಆ ಚೆಂಡು ತಲಿ ಮ್ಯಾಲ ಕುಣಸ್ತೀರಲ್ಲ, ಅದು ಮಾಡ್ರಿ." ಮಾಡಿದೆ. ಓಣಿಗೆ ಓಣಿಯೇ ಸೇರಿತು. ಈಗ ಮನೆಮನೆ ಮುಂದೆ ಅದೇ. ಅವ್ವನೂ ನೀರಿನ ಟ್ಯಾಂಕಿನ ಹತ್ತಿರ ನಿಂತು ಪಾಠ ಹೇಳುತ್ತಿದ್ದಾಳೆ: "ಓದಾಕ ಬರ್‍ಲಿಲ್ಲಂದ್ರ ಚಿಂತಿ ಇಲ್ಲ, ಚೆಂಡು ಹುಡುಕ್ರಿ, ಒತ್ರಿ."

ಡಿಸೆಂಬರ್ 9, ಸಂಜೆ 5

ಹಾಳಾಯಿತು.

ಗುರುತು ಹಂಚುವ ದಿನ. ನಾಗಣ್ಣನವರೂ ಚೆಂಡೇ ಕೇಳಿದ್ದಾರೆ! ಅಧಿಕಾರಿ ಚೀಟಿ ಎತ್ತಿದರು. ಚೆಂಡು ಅವರಿಗೆ. ನನ್ನ ಎರಡನೇ ಆಯ್ಕೆ ನನಗೆ. ಅರ್ಜಿ ತುಂಬಿದವನು ನೋಮಾನ್, ಓದದೆ ಸಹಿ ಹಾಕಿದ ಶಾಣ್ಯಾ ನಾನು. ಎರಡನೇ ಆಯ್ಕೆ — ಕ್ರಿಕೆಟ್ ಬ್ಯಾಟು.

"ಅದೂ ಆಟದ ಸಾಮಾನೇ ಅಲ್ಲೇನು?" ಅಂದ ನೋಮಾನ್. ಅವನ ಆಟೋ ಹತ್ತಲಿಲ್ಲ. ನಡೆದೇ ಬಂದೆ.

ಹೊರಡುವಾಗ ಪಂಚಾಯಿತಿ ಗೇಟಿನ ಹತ್ತಿರ ನಾಗಣ್ಣ ಕೈಮುಗಿದಿದ್ದರು. "ತಮ್ಮಾ, ಮೂವತ್ತೆಂಟು ಗ್ವಾಡಿ ಬರಿಸಿಕೊಟ್ಟಿ. ನಿನ್ನ ಉಪಕಾರ ಮರೆಯಂಗಿಲ್ಲ."

"ಇದು ನ್ಯಾಯ ಏನ್ರಿ, ಸಾಹುಕಾರ್ರ?"

"ಹಣ್ಣಾದ ಗೊನಿ ಕಣ್ಣಮುಂದ ಇದ್ರ ಯಾರ್ ಬಿಡ್ತಾರಪ್ಪ?"

ಡಿಸೆಂಬರ್ 11

ಗೋಡೆಗಳಿಗೆ ಸುಣ್ಣ ಹೊಡೆಸಿದೆವು. ಒಣಗಿದ ಮೇಲೆ ಚೆಂಡು ಮತ್ತೆ ಮೂಡಿತು. ಒಳ್ಳೆಯ ಪೇಂಟು...

ಡಿಸೆಂಬರ್ 14

ಜೀವನವಿಡೀ ಕ್ರಿಕೆಟ್ ಬೈದ ಬಾಯಿಂದ ಬ್ಯಾಟಿಗೆ ಓಟು ಕೇಳುತ್ತಿದ್ದೇನೆ. ಹಿಡಿಯಲೂ ಬಾರದು. ವಿಮಲಾಬಾಯಿ ಕೇಳಿಯೇಬಿಟ್ಟರು, "ಅರಿವಿ ಒಗ್ಯಾಕ ಹೊಂಟೀರೇನ್ರಿ?" ಜನ ಚೆಂಡು ಕುಣಿಸಿ ಎನ್ನುತ್ತಾರೆ. ಕುಣಿಸಿದರೆ ಅದು ನಾಗಣ್ಣನ ಪ್ರಚಾರ. ಒಂದು ಮಗು ಚೆಂಡು ಹಿಡಿದು ಎದುರಿಗೇ ನಿಂತುಬಿಟ್ಟಿತು. ಕಾಲು ತುರಿಸುತ್ತಿತ್ತು. ಮುಟ್ಟಲಿಲ್ಲ.

ಡಿಸೆಂಬರ್ 18

ಮತದಾನ. ಸಾಲಿನಲ್ಲಿದ್ದವರು ನನ್ನ ನೋಡಿ ಕಣ್ಣು ಮಿಟುಕಿಸಿದರು. ಹೊರಗೆ ಬಂದ ಒಬ್ಬ ಮುದುಕ ಬೆನ್ನು ತಟ್ಟಿದ: "ಚೆಂಡಿಗೇ ಒತ್ತೀನಿ ನೋಡು, ನೀ ಗೆದ್ದಿ!" ಊಟ ಸೇರಲಿಲ್ಲ.

ಡಿಸೆಂಬರ್ 21

ನಾಗಣ್ಣ 341. ನಾನು 322.

ಸಂಜೆ ಅವ್ವ ಮೂಲೆಯಲ್ಲಿ ಕೂತು ಸೆರಗಿನ ತುದಿ ಹಿಂಡುತ್ತಿದ್ದಳು. ಕೇಳುವ ಮೊದಲೇ ಹೇಳಿದಳು.

"ನಂದೂ ಚೆಂಡಿಗೇ ಹೋಯ್ತಪ್ಪ."

"ಅವ್ವಾ! ದಿನಾ ಹೇಳ್ತಿದ್ದೆ, ಬ್ಯಾಟು, ಬ್ಯಾಟು ಅಂತ!"

"ಗೊತ್ತಿತ್ತೋ. ಒಳಗ ಹೋದ ಕೂಡಲೆ ಕೈ ತಾನೇ ಹೋಯ್ತು. ಟಿವಿಯಾಗ ಎಲ್ಲರೂ ಒಂದೇ ಅಂಗಿ ಹಾಕಿರ್ತಿದ್ರಿ, ನೀ ಯಾಂವ ಅಂತ ತಿಳೀತಿದ್ದಿಲ್ಲ. ಚೆಂಡು ನೋಡ್ಕೋತ ಕುಂತ್ರ ಒಮ್ಮೆ ಅಲ್ಲ ಒಮ್ಮೆ ನೀ ಬರ್ತಿದ್ದಿ. ಅಷ್ಟ್ ವರ್ಷದ ಚಾಳಿ..."

ಬೈಯಬೇಕೆಂದಿದ್ದೆ. ಆಗಲಿಲ್ಲ. ಇಬ್ಬರೂ ಅತ್ತೆವು. ಬಯಲು ಹೋಯಿತು.

ಜನವರಿ 3

ಹನ್ನೆರಡು ದಿನ ಏನೂ ಬರೆಯಲಿಲ್ಲ. ಬರೆಯಲು ಏನಿತ್ತು?

ಇವತ್ತು ನೋಮಾನ್ ಓಡಿ ಬಂದ. ಬಯಲಿನಲ್ಲಿ ಅಂಗಡಿಗಳಿಗೆ ಅಳತೆ ಹಾಕಲು ನಾಗಣ್ಣ ಸುಣ್ಣದ ಪುಡಿ ತರಿಸಿದ್ದರಂತೆ. ವಿಮಲಾಬಾಯಿ ಮೂವತ್ತು ಹೆಂಗಸರನ್ನು ಕರೆದುಕೊಂಡು ಅಡ್ಡ ನಿಂತರಂತೆ.

"ಸಾಹುಕಾರ್ರ, ನಾವು ಓಟು ಹಾಕಿದ್ದು ಚೆಂಡಿಗೆ. ಬಾಳಿಹಣ್ಣಿಗಲ್ಲ. ಚೆಂಡಿನ ಮ್ಯಾಲ ಗೆದ್ದು ಮಕ್ಕಳ ಆಟದ ಜಾಗಾನೇ ನುಂಗ್ತೀರೇನು?"

ನಾಗಣ್ಣ ಆ ಕಡೆ ನೋಡಿದರಂತೆ, ಈ ಕಡೆ ನೋಡಿದರಂತೆ. ಮೂವತ್ತೆಂಟು ಗೋಡೆಗಳಲ್ಲೂ ಚೆಂಡು, ಅಂಗಡಿಯ ಮಾತು ಒಂದರಲ್ಲೂ ಇಲ್ಲ. ಕೊನೆಗೆ ಬಯಲು ಬಿಟ್ಟುಕೊಡಲು ಎಲ್ಲರ ಮುಂದೆ ಒಪ್ಪಿದರಂತೆ. ಅದೇ ಸುಣ್ಣದಿಂದ ಮೈದಾನದ ಗೆರೆ ಹಾಕಿಸಿದರಂತೆ. ಭಾನುವಾರ ಉದ್ಘಾಟನೆ. ವಿಮಲಾಬಾಯಿ ಬಿಟ್ಟಾರೆಯೇ? ಚೆಂಡಿಗೆ ಮೊದಲ ಒದೆ ಹೊಸ ಮೆಂಬರ್ ನಾಗಣ್ಣ ಸಾಹೇಬರದೇ ಆಗಬೇಕು, ಇಡೀ ವಾರ್ಡು ನೋಡಬೇಕು.

ನೋಮಾನ್‌ನನ್ನು ತಬ್ಬಿಕೊಂಡೆ. ಅರ್ಜಿಯ ಸಿಟ್ಟು ಇನ್ನೂ ಇದೆ, ಆದರೂ ತಬ್ಬಿಕೊಂಡೆ.

ಜನವರಿ 5, ಬೆಳಿಗ್ಗೆ 6.10

ಬಾಗಿಲು ಬಡಿದರು. ನಾಗಣ್ಣ. ಬಿಳಿ ಧೋತರ, ಕೆಳಗೆ ಹೊಸ ಕೆಂಪು ಫುಟ್‌ಬಾಲ್ ಶೂ. ಕಂಕುಳಲ್ಲಿ ಚೆಂಡು. ಓಣಿಯವರು ಕಂಡಾರೆಂದು ತಲೆಗೆ ಟವೆಲ್ಲು.

"ತಮ್ಮಾ, ನಿನ್ನೆ ತ್ವಾಟದಾಗ ಎರಡ್ ಸಲ ಒದ್ದೆ. ಎರಡೂ ಸಲ ಚೆಂಡು ಅಲ್ಲೇ ಇತ್ತು, ನಾ ಬಿದ್ದಿದ್ದೆ. ನೀ ಬರ್ಬೇಕು. ನಂಗಷ್ಟೇ ಅಲ್ಲ, ಊರ ಹುಡುಗ್ರಿಗೂ ನೀನೇ ಕಲಿಸು. ನೀ ಇಲ್ಲಂದ್ರ ಆಗಂಗಿಲ್ಲ."

ಕ್ಲಬ್ಬಿನವರು ಬ್ಯಾಗು ಕೈಗೆ ಕೊಟ್ಟು ಮೂರು ವರ್ಷವಾಯಿತು. ಅಂದಿನಿಂದ ಆಟಕ್ಕೆ ಬಾ ಎಂದು ಒಬ್ಬರೂ ಕರೆದಿರಲಿಲ್ಲ. ಕರೆಯುವವರು ಇವರೇ ಆಗಬೇಕಿತ್ತೇ... ಶೂ ಹುಡುಕುತ್ತೇನೆ ಎಂದು ಒಳಗೆ ಬಂದೆ. ಶೂ ಕೈಯಲ್ಲೇ ಇದೆ. ಕಣ್ಣು ಒರೆಸಿಕೊಂಡು ಇಷ್ಟು ಬರೆದೆ.

ಅಂಗಳದಲ್ಲಿ ಏನೋ ಧೊಪ್ಪೆಂದು ಬಿತ್ತು. ಅವ್ವ ಕೂಗುತ್ತಿದ್ದಾಳೆ, "ಸುಧಾಕರಾ, ಲಗೂನ ಬಾರೋ, ಸಾಹುಕಾರ್ರು ಮತ್ತ —"