ಚಿಕ್ಕಿಗೆ ತಲೆ ಕೆಟ್ಟಿಲ್ಲ

ಸುಜಿತಣ್ಣ,

ಚಿಕ್ಕಿಕೋಳಿಯನ್ನು ಬುಟ್ಟಿಗಿಳಿಸಿ ಮೇಲೆ ಗೋಣಿ ಕಟ್ಟುತ್ತಿರುವಾಗಲೇ ನಿನ್ನ ಮೆಸೇಜ್ ಬಂತು: "ಅದಕ್ಕೆ ತಲೆ ಕೆಟ್ಟಿದೆ ಮಾರಾಯ್ತಿ, ಇವತ್ತೂ ಕುಕ್ಕಿತು. ಸಂಡೇ ಅದರದ್ದೇ ಸುಕ್ಕ ಮಾಡುವ, ಕಾಲು ನಿಂಗೇ."

ತಲೆ ಕೆಟ್ಟದ್ದು ಕೋಳಿಗಲ್ಲ. ಅದು ಕಾವಿಗೆ ಕೂತಿದೆ. ಕಾವಿಗೆ ಕೂತ ಕೋಳಿಯ ಹತ್ತಿರ ಅಜ್ಜಿ ನಮ್ಮನ್ನು ಸುಳಿಯಲೂ ಬಿಡುತ್ತಿರಲಿಲ್ಲ. ನೀನು ವಿಡಿಯೋ ನೋಡಿ ಪಂಡಿತನಾದವನು, ನೇರ ಅದರ ಹೊಟ್ಟೆಯಡಿಗೇ ಕೈ ಹಾಕುತ್ತೀಯ.

ಮೊಟ್ಟೆ ಕೊಳ್ಳುವ ಪವಾಯಿಯ ಗಿರಾಕಿಗಳಿಗೆ ಫೋಟೋ ಕಳಿಸಿ ಮೆರೆದೆಯಲ್ಲ, ಆ ಹಸಿರು ಮೊಟ್ಟೆ ಇಡುತ್ತಿದ್ದುದು ಇದೇ ಕೋಳಿ. ಕಾವಿಗೆ ಕೂತ ಮೇಲೆ ಮೊಟ್ಟೆ ನಿಂತಿದೆ, ಅದೂ ನಿನಗೆ ಹೊಳೆಯಲಿಲ್ಲ. ನೀನು ಮಡಿಲಲ್ಲಿ ಕೂರಿಸಿಕೊಂಡು ಮುದ್ದು ಮಾಡುವ ಕೆಂಪಿ ಇಡುವುದು ಅಂಗಡಿಯಲ್ಲಿ ಸಿಗುವಂಥದ್ದೇ ಮೊಟ್ಟೆ. ಮಿಶ್ರತಳಿ ಎಂದ ಮಾತ್ರಕ್ಕೆ ಎಲ್ಲವೂ ಬಣ್ಣದ್ದು ಇಡುವುದಿಲ್ಲ.

ಉಳಿದವಕ್ಕೆ ನೀರು ಬದಲಿಸು. ಹೆದರಿಕೆಯಾದರೆ ಬಾಲ್ದಿ ಅಡ್ಡ ಹಿಡಿ. ಪಕ್ಕದ ಮನೆಯ ಮಾವಶಿಯನ್ನು ಕರೆಯಬೇಡ, ಅವರು ನಕ್ಕಿದ್ದು ಸಾಕು.

ಚಿಕ್ಕಿ ನನ್ನ ಜೊತೆ ವಸಯಿಯ ದೊಡ್ಡಮ್ಮನ ಮನೆಗೆ ಬರುತ್ತಿದೆ. ನಮ್ಮಲ್ಲಿಲ್ಲದ ಹುಂಜ ಅಲ್ಲಿದೆ, ಕಾವಿಗಿಡಲು ಮರಿಯಾಗುವ ಮೊಟ್ಟೆಯೂ ಇದೆ. ಮರಿ ದೊಡ್ಡದಾದ ಮೇಲೆ ವಾಪಸು ತರುತ್ತೇನೆ, ಅಷ್ಟರೊಳಗೆ ನಿನಗೆ ಬುದ್ಧಿ ಬಂದಿದ್ದರೆ.

ಅನ್ನ ಕುಕ್ಕರಿನಲ್ಲಿದೆ.

ಸುಕ್ಕದ ಕಾಲು ನನಗೆ ಬೇಡ. ಕೋಳಿಯನ್ನೂ ಕೊಡುವುದಿಲ್ಲ.